ಸತ್ತಾಂವ ಯಾರು? ಅಪರಾಧ ಕಥೆಗೆ ಜೀವವಿರುವ ಪಾತ್ರ ಕಟ್ಟುವ ಬಗೆ

ಜನವರಿ ಹತ್ತಿತೆಂದರೆ ಕಲಬುರಗಿಯ ಗಂಜಿಗೆ, ಅಂದರೆ ಧಾನ್ಯದ ಮಾರುಕಟ್ಟೆಗೆ, ತೊಗರಿ ಬರತೊಡಗುತ್ತದೆ. ನಸುಕಿನಲ್ಲೇ ಟ್ರ್ಯಾಕ್ಟರುಗಳ ಸಾಲು, ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿಗಳ ಮುಂದೆ ಚೀಲಗಳ ಥಪ್ಪಿ, ಹಮಾಲರ ಬೆನ್ನಿಗೆ ಬೆವರಿನ ಜೊತೆ ಅಂಟಿಕೊಂಡ ಹೊಟ್ಟು. ನಾನು ಬರೆದ ಮೊದಲ ಅಪರಾಧ ಕಥೆ ನಡೆದದ್ದು ಈ ಗಂಜಿನಲ್ಲೇ. ಗೋದಾಮಿನಲ್ಲಿ ಒಂದು ಹೆಣ, ಮೂವರ ಮೇಲೆ ಸಂಶಯ, ಕೊನೆಯ ಪುಟದಲ್ಲಿ ಒಡೆದ ಕೈಗಡಿಯಾರದಿಂದ ಸಿಕ್ಕಿಬೀಳುವ ಕೊಲೆಗಾರ. ಗಡಿಯಾರದ ಲೆಕ್ಕ ಸರಿಯಾಗಿ ಕೂಡಿಸಲು ನಾನು ಎರಡು ತಿಂಗಳು ಕೂತಿದ್ದೆ.

ಅದನ್ನು ಮೊದಲು ಓದಲು ಕೊಟ್ಟದ್ದು ನಮ್ಮ ಸೋದರಮಾವನಿಗೆ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು, ದಿನಾ ಏನಾದರೂ ಓದದೆ ಮಲಗದವರು. ಕಥೆ ಮುಗಿಸಿ ಕನ್ನಡಕ ತೆಗೆದಿಟ್ಟು ಕೇಳಿದರು: "ಕೊಲಿ ಛಲೋ ಆಗ್ಯಾದ ತಮ್ಮಾ. ಆದ್ರ ಸತ್ತಾಂವ ಯಾರು?"

ನಾನು ಹೆಸರು ಹೇಳಿದೆ.

"ಹೆಸರು ಓದೀನಿ. ಅಂವ ಯಾರು?"

ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು. ಈಗ ಬರೆಯಲು ಕೂತವರಿಗೆ ಅಷ್ಟು ದಿನ ಹಿಡಿಯಬಾರದು ಎಂದು ನಾನು ಕಲಿತದ್ದನ್ನು ಇಲ್ಲಿ ಇಡುತ್ತಿದ್ದೇನೆ.

ಓದುವವರ ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಗಮನಿಸಿ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದಿದ ಹಿರಿಯರು ಈಗಲೂ ಸಿಗುತ್ತಾರೆ. ಯಾವ ಕಾದಂಬರಿಯಲ್ಲಿ ಕೊಲೆ ಹೇಗಾಯಿತು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಪತ್ತೇದಾರ ಪುರುಷೋತ್ತಮ ಎಂದರೆ ಮಾತ್ರ ಮುಖ ಅರಳುತ್ತದೆ. 1975ರಲ್ಲಿ ಅಗಾಥಾ ಕ್ರಿಸ್ಟಿಯವರ ಪತ್ತೇದಾರ ಪೊಯಿರೋ ಕಥೆಯೊಳಗೆ ಸತ್ತಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ನಿಜವಾಗಿ ಬದುಕಿದ್ದವರಿಗೆ ಹಾಕುವಂತೆ, ಮುಖಪುಟದಲ್ಲಿ ನಿಧನವಾರ್ತೆ ಹಾಕಿತು. ಕಗ್ಗಂಟು ಬಿಚ್ಚಿದ ಮೇಲೆ ಮರೆತುಹೋಗುತ್ತದೆ, ಮನುಷ್ಯ ಉಳಿಯುತ್ತಾನೆ.

ಹಾಗಾದರೆ ಪಾತ್ರ ಉಳಿಯುವುದು ಯಾತರಿಂದ? ಹೊಸಬರು ಪತ್ತೇದಾರನಿಗೆ ಒಂದು ವಿಚಿತ್ರ ಚಟ, ಕೊಲೆಗಾರನಿಗೆ ಹಣೆಯ ಮೇಲೆ ಗಾಯದ ಗುರುತು ಕೊಟ್ಟು ಕೆಲಸ ಆಯಿತೆಂದು ತಿಳಿಯುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ನನ್ನ ನಂಬಿಕೆ ಬೇರೆ. ಅಪರಾಧ ಕಥೆಯ ಮನುಷ್ಯ ಏನನ್ನು ಮುಚ್ಚಿಡುತ್ತಾನೆ, ಯಾರ ಸಲುವಾಗಿ ಮುಚ್ಚಿಡುತ್ತಾನೆ ಎಂಬಲ್ಲಿಂದ ಅವನಿಗೆ ಉಸಿರು ಬರುತ್ತದೆ. ಕೊಲೆ ನಡೆದ ಮೇಲೆ ಊರಿನವರೆಲ್ಲರೂ ಏನಾದರೊಂದನ್ನು ಮುಚ್ಚಿಡುತ್ತಾರೆ. ಕೊಲೆಯನ್ನೇ ಮುಚ್ಚಿಡುವವನು ಒಬ್ಬನೇ. ಉಳಿದವರು ಮುಚ್ಚಿಡುವುದು ತಮ್ಮ ಮಾನವನ್ನು.

ಒಂದೇ ಉದಾಹರಣೆ ಇಟ್ಟುಕೊಂಡು ಹೋಗೋಣ. ನಾನು ಮತ್ತೆ ಬರೆದ ಗಂಜಿನ ಕಥೆ ಇದು, ಮನುಷ್ಯರೆಲ್ಲ ಕಲ್ಪಿತರು. ಅಡತಿ ಅಂಗಡಿಯೊಂದರ ಮುನೀಮ, ಮೂವತ್ತು ವರ್ಷ ಲೆಕ್ಕದ ಕೀರ್ದಿ ಬರೆದವನು, ಗೋದಾಮಿನಲ್ಲಿ ಸತ್ತು ಬಿದ್ದಿದ್ದಾನೆ. ತೊಗರಿ ಚೀಲದ ಥಪ್ಪಿ ಅವನ ಮೇಲೆ ಉರುಳಿದೆ. ಹೊರಗಿನಿಂದ ಶಟರ್ ಎಳೆದಿದೆ.

ಮೊದಲ ಹೆಜ್ಜೆ: ಸತ್ತವನಿಗೆ ಒಂದು ಪೂರ್ತಿ ದಿನ ಕೊಡಿ

ನಮ್ಮ ಕಡೆ ಸಾವಾದ ಮನೆಯ ಮುಂದೆ ಕೂತವರು ಏನು ಮಾತಾಡುತ್ತಾರೆ ಕೇಳಿದ್ದೀರಾ? "ನಿನ್ನಿ ಸಂಜಿಕ ನನ್ ಜೋಡಿ ಚಾ ಕುಡದಾನ್ರಿ. ಸಕ್ರಿ ಕಡಿಮಿ ಹಾಕಂದ." ಎಲ್ಲರೂ ಆ ಕೊನೆಯ ದಿನವನ್ನು ತುಣುಕು ತುಣುಕಾಗಿ ತಂದು ಜೋಡಿಸುತ್ತಾರೆ. ಕಥೆಗಾರ ಮಾಡಬೇಕಾದ ಮೊದಲ ಕೆಲಸವೂ ಅದೇ.

ನನ್ನ ಮುನೀಮನ ಕೊನೆಯ ದಿನ ಸೋಮವಾರ. ಬೆಳಿಗ್ಗೆ ಅಪ್ಪನ ಗುಡಿಗೆ, ಅಂದರೆ ಶರಣಬಸವೇಶ್ವರ ಗುಡಿಗೆ, ಹೋಗಿ ಬಂದ. ಗಾಡಿಯಲ್ಲಿ ಚುರುಮುರಿಯ ಸುಸಲಾ ತಿಂದ, ಮಿರ್ಚಿ ಮುಟ್ಟಲಿಲ್ಲ, ಹೊಟ್ಟೆ ಸರಿ ಇರಲಿಲ್ಲ. ಕನ್ನಡಕದ ಕಾಲು ಸಡಿಲಾಗಿತ್ತು, ದಾರದಿಂದ ಕಟ್ಟಿಕೊಂಡ. ಮಧ್ಯಾಹ್ನ ಒಬ್ಬ ರೈತನ ಖಾತೆಯಲ್ಲಿ ನಲವತ್ತು ರೂಪಾಯಿ ಹೆಚ್ಚಿಗೆ ಬಿದ್ದದ್ದನ್ನು ಕಂಡು, ಹೋಗುತ್ತಿದ್ದವನನ್ನು ಕೂಗಿ ಕರೆದು ತಿದ್ದಿಕೊಟ್ಟ. ಸಂಜೆ ಮನೆಗೆ ಹೋಗಲಿಲ್ಲ.

ಇವುಗಳಲ್ಲಿ ಅರ್ಧ ಕಥೆಯೊಳಗೆ ಬರುವುದೇ ಇಲ್ಲ. ಆದರೂ ಬರೆದಿಡಿ. ಆ ನಲವತ್ತು ರೂಪಾಯಿ ನನಗೆ ಬಹಳ ಕೆಲಸ ಮಾಡಿಕೊಟ್ಟಿತು. ಲೆಕ್ಕದಲ್ಲಿ ಅಷ್ಟು ಸಣ್ಣ ತಪ್ಪನ್ನೂ ಸಹಿಸದ ಮನುಷ್ಯ ತೂಕದಲ್ಲಿ ಮೋಸ ಕಂಡರೆ ಸುಮ್ಮನಿರುತ್ತಾನೆಯೇ? ಕೊಲೆಯ ಕಾರಣ ಅವನ ಸ್ವಭಾವದಿಂದಲೇ ಹುಟ್ಟಿತು, ನಾನು ಹೊರಗಿನಿಂದ ತಂದು ಅಂಟಿಸಬೇಕಾಗಲಿಲ್ಲ.

ಬಳಿಕ ಒಂದು ಅಭ್ಯಾಸ ಮಾಡಿ. ಸತ್ತವನ ಬಗ್ಗೆ ಮೂವರು ಒಂದೊಂದು ಮಾತು ಹೇಳಲಿ, ಆ ಮೂರೂ ಒಂದಕ್ಕೊಂದು ಕೂಡಬಾರದು. ಅಂಗಡಿ ಸಾಹುಕಾರ ಹೇಳುತ್ತಾನೆ: "ದೇವರಂಥ ಮನಷ್ಯಾ." ಹಮಾಲ ಹೇಳುತ್ತಾನೆ: "ಮನಷ್ಯಾ ಖರೇ, ಆದ್ರ ಒಂದ್ ರೂಪಾಯಿ ಬಿಡ್ತಿದ್ದಿಲ್ಲ." ಹೆಂಡತಿ ಹೇಳುತ್ತಾಳೆ: "ಲೆಕ್ಕಾ ಬಿಟ್ರ ಬ್ಯಾರೆ ಏನೂ ಗೊತ್ತಿದ್ದಿಲ್ಲ." ಮೂವರ ಮಾತೂ ನಿಜವಾಗುವಂತೆ ಅವನನ್ನು ಕಟ್ಟಬೇಕು. ಎಲ್ಲರೂ ಒಂದೇ ಮಾತು ಹೇಳುವ ಸತ್ತವನು ಬರಿಯ ಹೆಣವಾಗಿ ಬಿದ್ದಿರುತ್ತಾನೆ.

ಇದನ್ನು ಹೆಣ್ಣು ಸತ್ತ ಕಥೆಗಳಲ್ಲಿ ಇನ್ನೂ ಎಚ್ಚರದಿಂದ ಮಾಡಬೇಕು. ಚೆಲುವೆ ಎಂಬುದೊಂದನ್ನು ಬಿಟ್ಟು ಬೇರೇನೂ ತಿಳಿಯದ ಹೆಂಗಸಿನ ಹೆಣದ ಮೇಲೆ ನೂರಾರು ಪುಟ ಕಟ್ಟಿದ ಕಥೆಗಳನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಅವಳಿಗೂ ಒಂದು ಸೋಮವಾರ ಇತ್ತು.

ಎರಡನೇ ಹೆಜ್ಜೆ: ಒಬ್ಬೊಬ್ಬರ ಗಂಟು ಬಿಚ್ಚಿ ನೋಡಿ

ಇದು ಎಲ್ಲಕ್ಕಿಂತ ದೊಡ್ಡ ಹೆಜ್ಜೆ, ಇಲ್ಲಿ ಅವಸರ ಬೇಡ. ಒಂದು ನೋಟುಪುಸ್ತಕದಲ್ಲಿ ಪ್ರತಿ ಪಾತ್ರಕ್ಕೂ ಒಂದು ಪುಟ ಬಿಡಿ. ಬಣ್ಣ, ಎತ್ತರ, ವಯಸ್ಸು ಬರೆಯುವ ಮುಂಚೆ ಒಂದೇ ಸಾಲು ಬರೆಯಿರಿ: ಈ ಮನುಷ್ಯ ಪೊಲೀಸರ ಮುಂದೆ ಹೇಳಲಾರದ್ದು ಏನು? ಅದೇ ಅವನ ಗಂಟು. ಅದಕ್ಕೂ ಕೊಲೆಗೂ ಸಂಬಂಧ ಇರಬಾರದು. ಅದು ತಿಳಿದಾಗ ಓದುಗನಿಗೆ 'ನಾನಾದರೂ ಇದನ್ನು ಹೇಳುತ್ತಿರಲಿಲ್ಲ' ಅನ್ನಿಸಬೇಕು.

ಮುನೀಮನ ಹೆಂಡತಿ ಪೊಲೀಸರಿಗೆ ಹೇಳುತ್ತಾಳೆ, ಅವತ್ತು ರಾತ್ರಿ ಗಂಡ ಮನೆಗೆ ಬಂದು ಉಂಡು ಹೋದ ಎಂದು. ಅದು ಸುಳ್ಳು. ಆರು ತಿಂಗಳಿಂದ ಇಬ್ಬರಿಗೂ ಮಾತಿಲ್ಲ, ಅವನು ಅಂಗಡಿಯ ಗಾದಿಯ ಮೇಲೆಯೇ ಮಲಗುತ್ತಿದ್ದ. ಓಣಿಯವರಿಗೆ ಗೊತ್ತಾಗಬಾರದೆಂದು ಅವಳು ದಿನಾ ಎರಡು ತಾಟಿನಲ್ಲಿ ಊಟ ಬಡಿಸಿ, ಒಂದನ್ನು ಮುಚ್ಚಿಡುತ್ತಿದ್ದಳು. ಅವಳ ಸುಳ್ಳಿನಿಂದ ಸಾವಿನ ಹೊತ್ತು ಎರಡು ತಾಸು ಮುಂದೆ ಹೋಗುತ್ತದೆ, ತನಿಖೆ ದಾರಿ ತಪ್ಪುತ್ತದೆ. ಓದುಗನಿಗೆ ನಿಜ ಗೊತ್ತಾದ ದಿನ ಅವನು ಮರೆಯದಿರುವುದು ಆ ಮುಚ್ಚಿಟ್ಟ ತಾಟನ್ನು.

ಸಾಹುಕಾರ ಗೋದಾಮಿನ ಮಾಲನ್ನು ಬ್ಯಾಂಕಿಗೆ ಒತ್ತೆ ಇಟ್ಟು ಸಾಲ ತಂದಿದ್ದಾನೆ. ಕಾಗದದಲ್ಲಿ ಆರುನೂರು ಚೀಲ, ಒಳಗೆ ಇರುವುದು ನಾಲ್ಕುನೂರು. ಪೊಲೀಸರು ಬರುವ ಮುಂಚೆ ಅವನು ದಾಸ್ತಾನು ವಹಿಯನ್ನು ಬಚ್ಚಿಡುತ್ತಾನೆ. ಹೀಗಾಗಿ ಮೊದಲ ಸಂಶಯ ಅವನ ಮೇಲೆ ಬೀಳುತ್ತದೆ.

ಹಮಾಲರ ಮುಂದಾಳಿನ ಗಂಟು ನನಗೆ ಬಹಳ ಪ್ರೀತಿಯದು. ನಲವತ್ತೈದರ ಆಳು. ಸಾವಿರ ಚೀಲದ ಲೆಕ್ಕ ಬಾಯಲ್ಲಿ ಹೇಳಬಲ್ಲ, ಓದಲು ಬಾರದು. ಪಗಾರದ ಪುಸ್ತಕದಲ್ಲಿ ಇಷ್ಟು ವರ್ಷ ಹೆಬ್ಬೆಟ್ಟು ಒತ್ತಿದ್ದಾನೆ. ಈಗ ರಾತ್ರಿ ಚಾದ ಅಂಗಡಿಯ ಮುದುಕನ ಮೊಮ್ಮಗಳ ಹತ್ತಿರ ಅಕ್ಷರ ಕಲಿಯುತ್ತಿದ್ದಾನೆ. ಆ ಹುಡುಗಿಗೆ ಹತ್ತು ವರ್ಷ. ಕೊಲೆಯಾದ ಹೊತ್ತಿನಲ್ಲಿ ಅವನು ಕಡ್ಡಿ ಹಿಡಿದು ಪಾಟಿಯ ಮೇಲೆ ತನ್ನ ಹೆಸರು ತಿದ್ದುತ್ತಿದ್ದ. ಪೊಲೀಸರು ಕೇಳಿದಾಗ ಮನೆಯಲ್ಲಿ ಮಲಗಿದ್ದೆ ಅನ್ನುತ್ತಾನೆ. ಜೈಲಿಗೆ ಹೋಗುವ ಭಯಕ್ಕಿಂತ, ತನ್ನ ಕೈಕೆಳಗಿನ ಹುಡುಗರು ನಕ್ಕಾರು ಎಂಬ ಭಯ ದೊಡ್ಡದು. ಮುಂದೆ ನೋಟಿಸು ತಲುಪಿದ್ದಕ್ಕೆ ಗುರುತು ಹಾಕು ಎಂದಾಗ ಅವನು ಹೆಬ್ಬೆಟ್ಟು ಒತ್ತುವುದಿಲ್ಲ, ಪೆನ್ನು ಕೇಳುತ್ತಾನೆ. ಸೊಟ್ಟ ಸೊಟ್ಟ ಹೊಸ ಅಕ್ಷರ. ಪಗಾರದ ಪುಸ್ತಕ ನೋಡಿ ಬಂದಿದ್ದ, ಈ ಕೇಸಿನ ತನಿಖೆ ಮಾಡುವ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಆ ಸಹಿಯನ್ನೇ ನೋಡುತ್ತಾ ನಿಲ್ಲುತ್ತಾಳೆ.

ಒಂದು ಗಂಟು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ನೋಡುವುದು ಎರಡನ್ನು. ಅದನ್ನು ಮುಚ್ಚಲು ಹೇಳಿದ ಸುಳ್ಳು ತನಿಖೆಗೆ ಅಡ್ಡ ಬರಬೇಕು. ಅದು ಬಯಲಾದಾಗ ಆ ಮನುಷ್ಯನ ಮೇಲೆ ಓದುಗನಿಗಿದ್ದ ಭಾವನೆ ಬದಲಾಗಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಪುಟ ಹರಿದು ಬೇರೆ ಬರೆಯುತ್ತೇನೆ.

ಪಿಎಸ್‌ಐಗೂ ಒಂದು ಪುಟ ಇರಲಿ. ನನ್ನವಳು ಚಿತ್ತಾಪುರ ತಾಲೂಕಿನ ರೈತನ ಮಗಳು. ಅವಳ ಅಪ್ಪ ತೊಗರಿ ಹಾಕುತ್ತಿದ್ದದ್ದು ಇದೇ ಅಂಗಡಿಗೆ, ಅವಳ ಕಾಲೇಜಿನ ಫೀಸು ಬಂದದ್ದು ಇದೇ ಅಂಗಡಿಯ ಮುಂಗಡದಿಂದ. ನೆಟೆ ರೋಗ ಬಂದು ತೊಗರಿ ಒಣಗಿದ ವರ್ಷ ಆ ಮುಂಗಡ ಸಾಲವಾಗಿ ಬೆಳೆದದ್ದೂ ಅವಳಿಗೆ ಗೊತ್ತು. ಇದನ್ನು ಮೇಲಿನವರಿಗೆ ಹೇಳಿದರೆ ಕೇಸು ಬೇರೆಯವರ ಕೈಗೆ ಹೋಗುತ್ತದೆ. ಅವಳು ಹೇಳುವುದಿಲ್ಲ.

ಮೂರನೇ ಹೆಜ್ಜೆ: ತಪ್ಪಿತಸ್ಥನ ಹತ್ತು ನಿಮಿಷ

ನನ್ನ ಕಥೆಯಲ್ಲಿ ಕೊಂದವನು ತೂಕ ಮಾಡುವವನು. ಐವತ್ತು ದಾಟಿದವ, ಎಲ್ಲರಿಗೂ ಕಾಕಾ. ಚೀಲಕ್ಕೆ ಅರ್ಧ ಕಿಲೋ ಹೊಡೆಯುತ್ತಾ ಬಂದಿದ್ದಾನೆ, ಬೀದರಿನಲ್ಲಿ ನರ್ಸಿಂಗ್ ಓದುವ ಮಗಳ ಖರ್ಚಿಗೆ. ಮುನೀಮ ಅದನ್ನು ಹಿಡಿದ. ಗೋದಾಮಿನಲ್ಲಿ ಮಾತಿಗೆ ಮಾತು ಬೆಳೆಯಿತು, ನೂಕಾಟವಾಯಿತು, ಥಪ್ಪಿ ಉರುಳಿತು.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ: ಕೊಲೆ ಆಯಿತು, ಕಾರಣ ಸಿಕ್ಕಿತು. ಆದರೆ ನೂಕುವುದು ಸಿಟ್ಟಿನ ಒಂದು ಗಳಿಗೆ, ಅದರಲ್ಲಿ ಮನುಷ್ಯ ಪೂರ್ತಿ ಕಾಣುವುದಿಲ್ಲ. ಅವನು ಕಾಣುವುದು ಅದರ ನಂತರದ ಹತ್ತು ನಿಮಿಷದಲ್ಲಿ, ತಿರುಗಿ ಬರಲು ದಾರಿ ಇನ್ನೂ ತೆರೆದಿದ್ದಾಗ. ಆ ಹತ್ತು ನಿಮಿಷವನ್ನು ನಿಮಿಷ ನಿಮಿಷಕ್ಕೆ ಬರೆಯಿರಿ, ಮುಂದೆ ಕಥೆಯಲ್ಲಿ ಒಂದೇ ಸಾಲು ಉಳಿದರೂ ಸರಿ.

ಚೀಲಗಳ ಅಡಿಯಿಂದ ಒಂದು ಕೈ ಅಲುಗಾಡುತ್ತಿದೆ. ಕಾಕಾ ಎರಡು ಚೀಲ ಎತ್ತಿ ಪಕ್ಕಕ್ಕೆ ಇಡುತ್ತಾನೆ. ಮೂರನೆಯದಕ್ಕೆ ಕೈ ಹಾಕುವಾಗ ಫೋನು ಬರುತ್ತದೆ, ಮಗಳದು. "ಅಪ್ಪಾ, ನಾಳಿಗಿ ಫೀಸಿನ ಕಡೀ ದಿನಾ." ಅವನು "ಹೂಂ ಅವ್ವಾ, ತರ್ಲಕತ್ತೀನಿ" ಅನ್ನುತ್ತಾನೆ. ಫೋನು ಕಿಸೆಯಲ್ಲಿ ಇಡುತ್ತಾನೆ. ಆ ಕೈಯನ್ನು ನೋಡುತ್ತಾನೆ. ಹೊರಗೆ ಬಂದು ಶಟರ್ ಎಳೆಯುತ್ತಾನೆ.

ಆ ಎರಡು ಚೀಲ ಬರೆಯುವ ತನಕ ನನಗೂ ಅವನು ಯಾರೆಂದು ಗೊತ್ತಿರಲಿಲ್ಲ. ಉಳಿದ ಚೀಲಗಳು ಅಡ್ಡಾದಿಡ್ಡಿ ಬಿದ್ದಿವೆ, ಎರಡು ಮಾತ್ರ ಗೋಡೆಗೆ ಒರಗಿ ನೆಟ್ಟಗೆ ನಿಂತಿವೆ. ಪಿಎಸ್‌ಐಗೆ ಸಿಗುವ ಮೊದಲ ಸುಳಿವು ಅದು: ಯಾರೋ ಉಳಿಸಲು ಹೊರಟಿದ್ದರು, ನಡುವೆ ಬಿಟ್ಟರು. ನನ್ನ ಹಳೆಯ ಕಥೆಯ ಒಡೆದ ಗಡಿಯಾರ ಯಾರ ಕೈಯಲ್ಲಿದ್ದರೂ ನಡೆಯುತ್ತಿತ್ತು. ಈ ಎರಡು ಚೀಲ ಈ ಮನುಷ್ಯನಿಗೆ ಮಾತ್ರ ಸೇರಿದ್ದು, ಅವನನ್ನು ಹಿಡಿಸಿಕೊಡುವುದೂ ಅವನೊಳಗೆ ಇನ್ನೂ ಉಳಿದಿದ್ದ ಒಳ್ಳೆಯತನವೇ. ಸುಳಿವನ್ನು ಸ್ವಭಾವದಿಂದ ಹುಟ್ಟಿಸಿದರೆ ಕಗ್ಗಂಟಿಗೊಂದು ಕೆಲಸ, ಪಾತ್ರಕ್ಕೊಂದು ಕೆಲಸ ಎಂದು ಎರಡು ಸಲ ದುಡಿಯಬೇಕಾಗುವುದಿಲ್ಲ.

ಕೊಂದವನನ್ನು ಕ್ಷಮಿಸಿ ಎಂದು ನಾನು ಹೇಳುತ್ತಿಲ್ಲ. ಶಟರ್ ಎಳೆದದ್ದು ಎಳೆದದ್ದೇ. ಅವನ ಮಗಳ ಫೀಸು ಎಷ್ಟು ನಿಜವೋ ಅಡಿಯಲ್ಲಿದ್ದ ಕೈಯೂ ಅಷ್ಟೇ ನಿಜ. ಎರಡನ್ನೂ ಒಂದೇ ಪುಟದಲ್ಲಿ ಇಡಿ, ತೂಕವನ್ನು ಓದುಗ ಮಾಡಲಿ.

ನಾಲ್ಕನೇ ಹೆಜ್ಜೆ: ಪೊಲೀಸರನ್ನು ಕಾನೂನಿನೊಳಗೆ ನಡೆಸಿ

ಕಾನೂನಿನ ಅಡ್ಡಿಗಳನ್ನು ಬೇಸರದ ವಿವರವೆಂದು ಬಿಡಬೇಡಿ. ತನಿಖೆ ಮಾಡುವವರ ಗುಣ ತಿಳಿಯುವುದು ಆ ಅಡ್ಡಿಯ ಮುಂದೆ ಅವರು ಏನು ಮಾಡುತ್ತಾರೆ ಎಂಬುದರಿಂದಲೇ. ಕೆಲವನ್ನು ಮಾತ್ರ ಹೇಳುತ್ತೇನೆ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಗೆ ಬಂದಿವೆ. ಕೊಲೆ ಮೊದಲು ಭಾರತೀಯ ದಂಡ ಸಂಹಿತೆಯ 302 ಆಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 103. ಅಸಹಜ ಸಾವಿನ ವಿಚಾರಣೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 174, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ನಿಮ್ಮ ಕಥೆ 2022ರಲ್ಲಿ ನಡೆಯುತ್ತಿದ್ದರೆ ಹಳೆಯ ಅಂಕಿಯೇ ಬೇಕು. ಈಗಿನದಾದರೆ, ಇಪ್ಪತ್ತೈದು ವರ್ಷ ನೌಕರಿ ಮಾಡಿದ ಹೆಡ್ ಕಾನ್‌ಸ್ಟೇಬಲ್ ಬಾಯಿತಪ್ಪಿ "ತ್ರೀ ನಾಟ್ ಟೂ" ಅನ್ನಲಿ, ಹೊಸ ಪಿಎಸ್‌ಐ ತಿದ್ದಲಿ ಅಥವಾ ತಿದ್ದದೆ ಸುಮ್ಮನಿರಲಿ. ತಿದ್ದಿದಳೋ ಇಲ್ಲವೋ ಎಂಬುದರಲ್ಲೇ ಅವರಿಬ್ಬರ ಸಂಬಂಧ ಎಷ್ಟೋ ತಿಳಿಯುತ್ತದೆ.

ಸಾಕ್ಷಿ ಹೇಳಬೇಕಾದ ಹೆಂಗಸರನ್ನು, 60 ದಾಟಿದ ಗಂಡಸರನ್ನು ವಿಚಾರಣೆಗೆಂದು ಠಾಣೆಗೆ ಬರಲೇಬೇಕು ಎಂದು ಒತ್ತಾಯಿಸುವಂತಿಲ್ಲ, ಅವರಿರುವ ಮನೆಯಲ್ಲೇ ಕೇಳಬೇಕು. ಇದು ಕಥೆಗಾರನಿಗೆ ದೊಡ್ಡ ಕೊಡುಗೆ. ಮುನೀಮನ ಹೆಂಡತಿಯನ್ನು ಠಾಣೆಯ ಮೇಜಿನ ಮುಂದೆ ಕೂಡಿಸಿದ್ದರೆ ಪಿಎಸ್‌ಐಗೆ ಆ ಎರಡನೆಯ ತಾಟು ಎಂದೂ ಕಾಣುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೂತು ಕೇಳಿದ್ದರಿಂದ ಕಂಡಿತು, ತಾಟಿನ ಮೇಲೆ ಮುಚ್ಚಿದ್ದ ಬಟ್ಟೆ ಸಮೇತ.

ಪೊಲೀಸರ ಮುಂದೆ ಒಪ್ಪಿಕೊಂಡ ಮಾತ್ರಕ್ಕೆ ಅದು ನ್ಯಾಯಾಲಯದಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗುವುದಿಲ್ಲ. ಎರಡು ಏಟು ಹೊಡೆದು "ಹೌದು, ನಾನೇ ಕೊಂದೆ" ಎನ್ನಿಸಿ ಕಥೆ ಮುಗಿಸಿದರೆ ನಿಮ್ಮ ಪತ್ತೇದಾರಿಣಿ ಕೆಲಸ ಅರ್ಧಕ್ಕೇ ಬಿಟ್ಟಂತೆ. ಬಂಧಿಸಿದವರನ್ನು ಪ್ರಯಾಣದ ವೇಳೆ ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೊಸ ಕಾನೂನಿನಲ್ಲಿ ಶೋಧ, ಜಪ್ತಿಯ ವಿಡಿಯೋ ಚಿತ್ರೀಕರಣವೂ ಆಗಬೇಕು. ಒಬ್ಬ ಕಾನ್‌ಸ್ಟೇಬಲ್ ಮೊಬೈಲು ಹಿಡಿದು ಕಾಕಾನ ಮನೆಯ ಟ್ರಂಕು ಚಿತ್ರಿಸುತ್ತಿದ್ದಾನೆ, ಶೋಧಕ್ಕೆ ಸಾಕ್ಷಿಯಾಗಿ ಕರೆಸಿದ ಪಂಚರು ಬಾಗಿಲಲ್ಲಿ ನಿಂತಿದ್ದಾರೆ. ಮೇಲಿನ ಬಟ್ಟೆಗಳ ಅಡಿಯಲ್ಲಿ ಮಗಳ ಬಿಳಿ ಯೂನಿಫಾರ್ಮ್. ಕಾಕಾ ಮುಂದೆ ಬಂದು ಅದನ್ನು ಮಾತ್ರ ಕ್ಯಾಮೆರಾದಿಂದ ಮರೆಮಾಡುತ್ತಾನೆ. ಅಂಥ ಒಂದು ಕೈ ಸನ್ನೆ ಒಂದು ಪುಟದ ವರ್ಣನೆಯನ್ನು ಉಳಿಸುತ್ತದೆ.

ಐದನೇ ಹೆಜ್ಜೆ: 'ರೀ' ಎಲ್ಲಿ ಹೋಯಿತು ಕೇಳಿಸಿಕೊಳ್ಳಿ

ಸಂಭಾಷಣೆ ಬರೆಯುವಾಗ ಕನ್ನಡ ನಮಗೆ ಕೊಟ್ಟ ಹತಾರವೊಂದಿದೆ: ಏಕವಚನ, ಬಹುವಚನ. ನನ್ನ ಪಿಎಸ್‌ಐ ವಯಸ್ಸಾದವರಿಗೆಲ್ಲ 'ರೀ' ಹಚ್ಚುತ್ತಾಳೆ. ಕಾಕಾನನ್ನೂ ಕಥೆಯುದ್ದಕ್ಕೂ "ಕಾಕಾ, ಹೇಳ್ರಿ", "ಕಾಕಾ, ಕೂಡ್ರಿ" ಅನ್ನುತ್ತಾಳೆ. ಕೊನೆಗೆ ಒಂದೇ ಒಂದು ಸಲ, ಬಹಳ ಮೆತ್ತಗೆ, "ಬಾಗಿಲಾ ಯಾಕ್ ಎಳದಿ?" ಅನ್ನುತ್ತಾಳೆ. ಅಲ್ಲಿ ಅವಳ ಮುಖ ಕೆಂಪಾಯಿತು, ಕಣ್ಣು ತುಂಬಿದವು ಎಂದೇನೂ ಬರೆಯಬೇಕಾಗಿಲ್ಲ.

ಮುನೀಮನ ಹೆಂಡತಿ ಸುಳ್ಳು ಹೇಳುವಾಗ ಗಂಡನನ್ನು "ಅವ್ರು" ಅನ್ನುತ್ತಾಳೆ. ನಿಜ ಬಾಯಿಗೆ ಬಂದಾಗ "ಅಂವ" ಆಗುತ್ತದೆ. "ಅಂವ ನನ್ ಕೂಡ ಮಾತಾಡಿ ಆರ್ ತಿಂಗಳಾತ್ರಿ." ಗಂಡನ ಮೇಲಿನ ಸಿಟ್ಟೂ ಸಲುಗೆಯೂ ಆ ಒಂದು ಶಬ್ದದಲ್ಲಿ ಕೂಡಿ ಬರುತ್ತವೆ.

ವಿಚಾರಣೆಯ ದೃಶ್ಯ ಬರೆಯುವ ರೀತಿಗೆ ಒಂದು ಉದಾಹರಣೆ. ಪಿಎಸ್‌ಐ ಹಮಾಲರ ಮುಂದಾಳನ್ನು ಕೇಳುತ್ತಿದ್ದಾಳೆ. ನಾನು ಮೊದಲು ಬರೆದದ್ದು ಹೀಗಿತ್ತು:

"ನಿನ್ನಿ ರಾತ್ರಿ ಎಲ್ಲಿದ್ರಿ?"
"ಮನ್ಯಾಗ ಇದ್ನಿರಿ ಮೇಡಂ."
"ಸುಳ್ಳು ಹೇಳಬ್ಯಾಡ್ರಿ."
"ಅಪ್ಪನ ಆಣಿ, ಖರೇನೇ ಹೇಳ್ಲಕತ್ತೀನ್ರಿ."

ಇದರಲ್ಲಿ ಹಮಾಲನೂ ಇಲ್ಲ, ಪಿಎಸ್‌ಐಯೂ ಇಲ್ಲ. ತಿದ್ದಿದ ಮೇಲೆ:

"ರಾತ್ರಿ ಮನ್ಯಾಗ ಏನ್ ಅಡಗಿ ಮಾಡಿದ್ರು?"
"ರೊಟ್ಟಿ, ಪುಂಡಿಪಲ್ಯಾರಿ."
"ಬಿಸಿ ಇತ್ತೇನ್ರಿ?"
ಅವನು ಕೈಯಲ್ಲಿದ್ದ ಟವಲನ್ನು ಮಡಚಿದ.
"ಇಲ್ರಿ. ಆರಿತ್ತು."

ರೈತನ ಮನೆಯಲ್ಲಿ ಬೆಳೆದವಳಿಗಷ್ಟೇ ಹೊಳೆಯುವ ಪ್ರಶ್ನೆ ಅದು. ಉತ್ತರ ಕೊಟ್ಟವನೂ ಸುಳ್ಳು ಹೇಳಿ ರೂಢಿಯಿಲ್ಲದವನು ಎಂದು ತಿಳಿಯುತ್ತದೆ. ಅವನು ತಡವಾಗಿ ಮನೆಗೆ ಹೋದ ಎಂಬುದೂ ಹೊರಬಿತ್ತು.

ಆಡುಮಾತು ಬಳಸುವಾಗ ಒಂದು ಎಚ್ಚರ ಬೇಕು. ಬಡವರಿಗೆ ಮಾತ್ರ ಕಲಬುರಗಿ ಮಾತು, ಅಧಿಕಾರಿಗಳಿಗೆಲ್ಲ ಪುಸ್ತಕದ ಕನ್ನಡ ಕೊಡುವ ಅಭ್ಯಾಸ ನಮ್ಮಲ್ಲಿ ಬಹಳ. ನಮ್ಮ ಊರಿನ ಡಾಕ್ಟರು, ವಕೀಲರು, ಪ್ರೊಫೆಸರರು ಮನೆಯಲ್ಲಿ "ಹೋಗ್ಲಕತ್ತೀನಿ" ಅನ್ನುವವರೇ. ದಖನಿ ಉರ್ದು ಆಡುವ ಮನೆಯವನು ಗಂಜಿನಲ್ಲಿ ಅಪ್ಪಟ ಕಲಬುರಗಿ ಕನ್ನಡ ಆಡುತ್ತಾನೆ, ಗಾಬರಿಯಾದಾಗ ಮಾತ್ರ ಮನೆಮಾತಿಗೆ ಜಾರುತ್ತಾನೆ. ಯಾವಾಗ ಜಾರಿದ ಎಂಬುದನ್ನು ಹಿಡಿಯಿರಿ.

ಆರನೇ ಹೆಜ್ಜೆ: ಊರನ್ನು ಪಾತ್ರದ ಮೈಗೆ ಹತ್ತಿಸಿ

ಕೋಟೆ, ಗುಮ್ಮಟ, ದರ್ಗಾಗಳ ವರ್ಣನೆಯಿಂದ ಕಥೆ ಕಲಬುರಗಿಯದಾಗುವುದಿಲ್ಲ. ಊರು ಪಾತ್ರದ ದಿನಚರಿಯನ್ನು ಬದಲಿಸಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನಮ್ಮ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಮೇ ತಿಂಗಳಲ್ಲಿ ಮೂರು ಗಂಟೆಗೆ ತಹಶೀಲ್ದಾರ್ ಕಚೇರಿಯಲ್ಲಿ ಕೆಲಸವಿತ್ತು ಎಂದು ಯಾರಾದರೂ ಹೇಳಿದರೆ ಇಲ್ಲಿಯವರು ಕೂಡಲೇ ಸುಳ್ಳು ಹಿಡಿಯುತ್ತಾರೆ, ಬೇರೆ ಊರಿನಿಂದ ವರ್ಗವಾಗಿ ಬಂದ ಅಧಿಕಾರಿ ಹಿಡಿಯುವುದಿಲ್ಲ. ಕಾಕಾ ಮಗಳನ್ನು ನೋಡಲು ರೈಲಿನಲ್ಲಿ ಬೀದರಿಗೆ ಹೋಗಿದ್ದೆ ಅನ್ನುತ್ತಾನೆ. ಕಲಬುರಗಿ–ಬೀದರ ರೈಲು ಮಾರ್ಗ ಪೂರ್ತಿ ತೆರೆದದ್ದು 2017ರಲ್ಲಿ. ಅದಕ್ಕಿಂತ ಹಿಂದಿನ ಕಥೆಯಾದರೆ ಅವನನ್ನು ಬಸ್ಸಿಗೆ ಹತ್ತಿಸಬೇಕು. ಇಲ್ಲಿಯ ದರ್ಗಾದ ಸೂಫಿ ಸಂತ ಬಂದೇನವಾಜರ ಉರುಸು ಚಾಂದ್ರಮಾನದ ಪ್ರಕಾರ ಬರುವುದರಿಂದ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಉರುಸಿನ ರಾತ್ರಿಯನ್ನು ಕಥೆಗೆ ತರುವವರು ಆ ವರ್ಷದ ದಿನಾಂಕ ನೋಡಿಕೊಳ್ಳಿ.

ಈ ನೆಲ ಮಾತ್ರ ಕೊಡಬಲ್ಲ ಪಾತ್ರಗಳೂ ಇವೆ. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮನ ಸೀಮೆ, ಆಡಳಿತದ ಭಾಷೆ ಉರ್ದು. ಹಳೆಯ ಜಮೀನಿನ ಎಷ್ಟೋ ಕಾಗದ ಉರ್ದುವಿನಲ್ಲಿವೆ. ಜಮೀನಿನ ಸಲುವಾಗಿ ನಡೆದ ಕೊಲೆಯ ಕಥೆ ಬರೆಯುವವರು, ಆ ಕಾಗದ ಓದಿ ಕನ್ನಡದಲ್ಲಿ ಹೇಳುವ ಮುದುಕನೊಬ್ಬನನ್ನು ಊಹಿಸಿಕೊಳ್ಳಿ. ಇಡೀ ಊರಿನ ಹೊಲಗಳ ಗುಟ್ಟು ಅವನ ಕಣ್ಣಿನಲ್ಲಿದೆ, ಆ ಕಣ್ಣಿಗೆ ಪೊರೆ ಬರುತ್ತಿದೆ, ಅವನು ಅದನ್ನು ಯಾರಿಗೂ ಹೇಳಿಲ್ಲ. ಒಂದು ಅಂಕಿ ತಪ್ಪಾಗಿ ಓದಿದ್ದಾನೆ. ಇನ್ನೂ ಬರೆಯದ ಈ ಮನುಷ್ಯನ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಕೈ ತುರಿಸುತ್ತದೆ.

ಹೆಸರಿಡುವಾಗ ಅವಸರ ಮಾಡಬೇಡಿ. ಶರಣಬಸಪ್ಪ, ಶರಣಮ್ಮ, ಖಾಜಾ, ಬಂದೇನವಾಜ್: ನಮ್ಮಲ್ಲಿ ಹೆಸರಿನೊಳಗೇ ಗುಡಿ, ದರ್ಗಾ ಇರುತ್ತವೆ, ಹುಟ್ಟುವ ಮುಂಚೆ ಅವ್ವ ಹೊತ್ತ ಹರಕೆ ಇರುತ್ತದೆ. ಹಾಗಿರುವಾಗ ಒಂದು ಜಾತಿಯ, ಒಂದು ಧರ್ಮದ ಹೆಸರು ಬಂದ ಕೂಡಲೇ ಓದುಗ ಸಂಶಯಪಡುವಂತೆ ಬರೆಯುವುದು ದೊಡ್ಡ ಅನ್ಯಾಯ, ಕಥೆಗೂ ಕೆಡುಕು. ಜಾತಿಯಿಂದ ತಪ್ಪಿತಸ್ಥನನ್ನು ಆರಿಸಿದವರು ಅವನ ಹತ್ತು ನಿಮಿಷವನ್ನು ಬರೆದಿರುವುದಿಲ್ಲ.

ಪತ್ರಿಕೆಯಲ್ಲಿ ಬಂದ ಸ್ಥಳೀಯ ಕೊಲೆಯನ್ನು ಹೆಸರು ಬದಲಿಸಿ ಕಥೆ ಮಾಡುವುದೂ ಬೇಡ. ಆ ಮನೆಯವರು ಇದೇ ಊರಿನಲ್ಲಿ ಹಾಲು ತರಲು ಹೋಗುತ್ತಾರೆ, ಅವರ ಮಕ್ಕಳು ಇಲ್ಲಿಯ ಶಾಲೆಗೇ ಹೋಗುತ್ತಾರೆ.

ಏಳನೇ ಹೆಜ್ಜೆ: ಗೊತ್ತಿದ್ದವರ ಮುಂದೆ ಓದಿ

ಕರಡು ಮುಗಿದ ಮೇಲೆ ಇಬ್ಬರಿಗೆ ಕೊಡಿ. ಒಬ್ಬರು ಅಪರಾಧ ಕಥೆಗಳನ್ನು ಬಹಳ ಓದಿದವರಾಗಿರಲಿ, ಇನ್ನೊಬ್ಬರು ಕಥೆ ನಡೆಯುವ ಜಾಗದಲ್ಲಿ ದುಡಿದವರಾಗಿರಲಿ. ಮೊದಲನೆಯವರಿಗೆ "ಕೊಲೆಗಾರ ಯಾರೆಂದು ಯಾವಾಗ ಗೊತ್ತಾಯಿತು?" ಎಂದು ಕೇಳುವುದಕ್ಕಿಂತ "ಯಾರು ಬಂದಾಗ ಪುಟ ಬೇಗ ತಿರುವಿದಿರಿ?" ಎಂದು ಕೇಳಿ. ಅವರು ಹೇಳಿದ ಪಾತ್ರದ ಗಂಟು ಸಡಿಲಾಗಿದೆ ಎಂದೇ ತಿಳಿಯಿರಿ.

ಎರಡನೆಯವರ ಮುಂದೆ ನೀವೇ ಗಟ್ಟಿಯಾಗಿ ಓದಿ. ನಾನು ಗಂಜಿನಲ್ಲಿ ಬಹಳ ವರ್ಷ ಹಮಾಲಿ ಮಾಡಿ ಬಿಟ್ಟ ಹಿರಿಯರೊಬ್ಬರ ಕಟ್ಟೆಯ ಮೇಲೆ ಕೂತು ಓದಿದೆ. ಮುಚ್ಚಿಟ್ಟ ತಾಟಿಗೆ ಅವರು ತಲೆದೂಗಿದರು. ಪಾಟಿಯ ಮೇಲೆ ಹೆಸರು ತಿದ್ದುವ ಕಡೆ ಬೇರೆ ಕಡೆ ನೋಡಿದರು. ಎರಡು ಚೀಲ ಎತ್ತಿಟ್ಟ ಕಡೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ತೂಕದಾಂವ ಚೀಲಾ ಎತ್ತೂದಿಲ್ರಿ. ಅವಂದು ಕೂತ ಕೆಲಸ. ಎರಡು ಎತ್ತ್ಯಾನ ಅಂದ್ರ ಮರುದಿನ ಅವನ ಸೊಂಟ ಹಿಡದಿರ್ತದ. ಅಂವ ಹ್ಯಾಂಗ ನಡೀತಾನ ಅಂಬೋದು ಬರೀರಿ."

ಅದೇ ರಾತ್ರಿ ಎರಡನೇ ಅಧ್ಯಾಯ ತೆಗೆದು ಮತ್ತೆ ಬರೆದೆ. ಪಂಚನಾಮೆ ನಡೆಯುತ್ತಿದೆ, ಎಲ್ಲರೂ ಹೆಣದ ಕಡೆ ನೋಡುತ್ತಿದ್ದಾರೆ. ಬಾಗಿಲ ಹತ್ತಿರ ಕಾಕಾ ಒಂದು ಕೈ ಗೋಡೆಗೆ ಕೊಟ್ಟು, ಮೆಲ್ಲಗೆ ಬಗ್ಗಿ, ತನ್ನ ಚಪ್ಪಲಿ ಹುಡುಕುತ್ತಿದ್ದಾನೆ.